ಪ್ಲಾಟು ಅಂದರೆ ಸೈಟಲ್ಲ, ಎಕ್ಸ್‌ಪೋರ್ಟ್ ಅಂದರೆ ಕಾಫಿಯಲ್ಲ

ಹಾಸನದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ ಇದು. ಅವತ್ತು ಪರದೆಯ ಮೇಲೆ ತೋರಿಸಿದ ಚಿತ್ರಗಳನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ಮಧ್ಯೆ ಮೈಕು ಕೈಕೊಟ್ಟಾಗ ಆಡಿದ ಮಾತುಗಳನ್ನು ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಗೊಂದಲ ಬಗೆಹರಿಸಿಬಿಡುತ್ತೇನೆ. ಹೊರಗಿನ ಬ್ಯಾನರಿನಲ್ಲಿ ‘ಪ್ಲಾಟ್ ಎಕ್ಸ್‌ಪೋರ್ಟ್’ ಅಂತ ಹಾಕಿದ್ದಾರೆ. ಮೆಟ್ಟಿಲು ಹತ್ತುವಾಗ ಒಬ್ಬರು ನನ್ನನ್ನು ನಿಲ್ಲಿಸಿ, “ಯಾವ ಲೇಔಟ್ ಸಾರ್, ಸ್ಕ್ವೇರ್ ಫೀಟಿಗೆ ಎಷ್ಟು?” ಅಂತ ಕೇಳಿದರು. ಇನ್ನೊಬ್ಬರು ಸಕಲೇಶಪುರ ಕಡೆಯ ಬೆಳೆಗಾರರು. ಯಾರೋ ಕಾಫಿ ಎಕ್ಸ್‌ಪೋರ್ಟ್ ಬಗ್ಗೆ ಮಾತಾಡುತ್ತಾರೆ ಅಂತ ಬಸ್ ಹತ್ತಿ ಬಂದಿದ್ದಾರೆ. ವಿಷಯ ಬೇರೆ ಅಂತ ಹೇಳಿದೆ. “ಬಂದಿದ್ದಾಯ್ತಲ್ಲ, ಕೂತು ಕೇಳ್ತೀನಿ ಬಿಡಿ” ಅಂದರು. ಮುಂದಿನ ಸಾಲಿನಲ್ಲೇ ಇದ್ದಾರೆ. ಅವರಿಗೂ ಬಸ್ ಚಾರ್ಜ್ ದಂಡವಾಗದ ಹಾಗೆ ಮಾತಾಡಲು ನೋಡುತ್ತೇನೆ.

ನಮ್ಮ ಪ್ಲಾಟು ಅಂದರೆ ಗ್ರಾಫು. ಕಂಪ್ಯೂಟರಿನಲ್ಲಿ ಸಿಮ್ಯುಲೇಶನ್, ಅಂದರೆ ನಿಜವಾದ ಪ್ರಯೋಗವನ್ನು ಲೆಕ್ಕದಲ್ಲೇ ಅನುಕರಿಸುವುದು, ಓಡಿಸಿದ ಮೇಲೆ ಬರುವ ಗೆರೆ, ಬಣ್ಣ ಬಣ್ಣದ ಕಾಂಟೂರ್, ತಿರುಗಿಸಿ ನೋಡುವ ತ್ರೀಡಿ ಚಿತ್ರ. ಎಕ್ಸ್‌ಪೋರ್ಟ್ ಅಂದರೆ ಅದನ್ನು ಸಾಫ್ಟ್‌ವೇರಿನಿಂದ ಹೊರಗೆ ತಂದು ರಿಪೋರ್ಟಿಗೋ, ಪೇಪರಿಗೋ, ಪೋಸ್ಟರಿಗೋ ಹಾಕುವುದು. ಇದಕ್ಕೂ ಒಂದು ಭಾಷಣ ಬೇಕಾ ಅಂತ ನಿಮಗೆ ಅನ್ನಿಸಬಹುದು. ಫೈಲ್, ಸೇವ್ ಆ್ಯಸ್, ಮುಗೀತು ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ಜೆರಾಕ್ಸ್ ಅಂಗಡಿಯಲ್ಲಿ ಆ ಭ್ರಮೆ ಬಿಟ್ಟುಹೋಯಿತು.

ಆಗ ನಾನು ಎಂ.ಟೆಕ್. ಓದುತ್ತಿದ್ದೆ. ಕಾಫಿ ಒಣಗಿಸುವ ಡ್ರೈಯರಿನೊಳಗೆ ಬಿಸಿಗಾಳಿ ಹೇಗೆ ಹರಿಯುತ್ತದೆ ಅನ್ನುವುದು ನನ್ನ ಪ್ರಾಜೆಕ್ಟು. ಕುಯ್ಲಿನ ಹೊತ್ತಿಗೆ ಮೋಡ ಕಟ್ಟಿದರೆ ಕಣದಲ್ಲಿ ಹರಡಿದ ಕಾಫಿ ಏನಾಗುತ್ತದೆ ಅಂತ ಈ ಊರಿನವರಿಗೆ ನಾನು ಹೇಳಬೇಕಿಲ್ಲ. ಹಗಲೂ ರಾತ್ರಿ ಸಿಮ್ಯುಲೇಶನ್ ಓಡಿಸಿ, ಬಣ್ಣದ ಚಿತ್ರಗಳನ್ನು ತೆಗೆದು, ಥೀಸಿಸ್ ಮುಗಿಸಿದೆ. ಐದು ಪ್ರತಿ ಬೇಕಿತ್ತು. ಐದೂ ಕಲರ್ ಮಾಡಿಸುವಷ್ಟು ದುಡ್ಡು ಜೇಬಿನಲ್ಲಿರಲಿಲ್ಲ. ಒಂದು ಕಲರ್, ಉಳಿದ ನಾಲ್ಕು ಕಪ್ಪು ಬಿಳುಪು ಜೆರಾಕ್ಸ್.

ಬೈಂಡಿಂಗಿಗೆ ಪುಟ ಜೋಡಿಸುತ್ತಿದ್ದ ಅಂಗಡಿಯವರು ಒಂದು ಹಾಳೆ ಎತ್ತಿ ಹಿಡಿದರು. “ಸಾರ್, ಇದ್ರಲ್ಲಿ ಬಿಸಿ ಯಾವ್ದು, ತಣ್ಣಗಿರೋದು ಯಾವ್ದು?”

ನೋಡಿದೆ. ಬಿಸಿಗಾಳಿ ಒಳಗೆ ನುಗ್ಗುವ ಬಾಯಿ, ಅಲ್ಲಿ 60 ಡಿಗ್ರಿ. ಕಪ್ಪಗಿತ್ತು. ಗಾಳಿ ತಲುಪದ ಹಿಂದಿನ ಮೂಲೆ, ಅಲ್ಲಿ 30 ಡಿಗ್ರಿ. ಅದೂ ಕಪ್ಪಗಿತ್ತು. ನಡುವಿನ ಉಗುರು ಬೆಚ್ಚಗಿನ ಜಾಗ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಎರಡು ವರ್ಷದ ಕೆಲಸ, ಬೆಂಕಿ ಯಾವುದು ನೀರು ಯಾವುದು ಅಂತ ಗೊತ್ತಾಗುತ್ತಿಲ್ಲ.

ಕಾರಣ ಹೇಳುತ್ತೇನೆ. ಆಗ ಬಹಳ ಸಾಫ್ಟ್‌ವೇರ್‌ಗಳಲ್ಲಿ ‘ಜೆಟ್’ ಅನ್ನುವ ಬಣ್ಣದ ಪಟ್ಟಿಯೇ ತಾನಾಗಿ ಬರುತ್ತಿತ್ತು. ಕಡುನೀಲಿಯಿಂದ ಶುರುವಾಗಿ ತಿಳಿನೀಲಿ, ಹಸಿರು, ಹಳದಿ ದಾಟಿ ಕಡುಕೆಂಪಿಗೆ ಮುಗಿಯುತ್ತದೆ. ಪರದೆಯ ಮೇಲೆ ಬಲು ಚೆಂದ. ಆದರೆ ಬಣ್ಣ ತೆಗೆದು ಬರೀ ಬೆಳಕು ಎಷ್ಟಿದೆ ನೋಡಿ. ಕಡುನೀಲಿಯೂ ಮಬ್ಬು, ಕಡುಕೆಂಪೂ ಮಬ್ಬು. ಮಧ್ಯದ ಹಳದಿ, ತಿಳಿನೀಲಿಗಳೇ ಬೆಳ್ಳಗೆ. ಜೆರಾಕ್ಸ್ ಮಷೀನಿಗೆ ಬಣ್ಣ ಗೊತ್ತಿಲ್ಲ, ಬೆಳಕಷ್ಟೇ ಗೊತ್ತು. ಅದು ಸುಳ್ಳು ಹೇಳಲಿಲ್ಲ. ನಾನು ಕೊಟ್ಟಿದ್ದನ್ನೇ ತೋರಿಸಿತು.

ಜೆಟ್‌ನಲ್ಲಿ ಇನ್ನೊಂದು ತೊಂದರೆ ಇದೆ. ಹಳದಿ ಬರುವ ಕಡೆ ಕಣ್ಣಿಗೆ ಒಂದು ಅಂಚು ಕಾಣುತ್ತದೆ. ಅಲ್ಲಿ ತಾಪಮಾನ ಏನೂ ಜಿಗಿದಿರುವುದಿಲ್ಲ, ಮೆಲ್ಲಗೆ ಏರುತ್ತಿರುತ್ತದೆ. ಆದರೂ ಗಡಿ ಇದ್ದ ಹಾಗೆ ಕಾಣುತ್ತದೆ, ಮೇಷ್ಟರು “ಇಲ್ಲಿ ಏನಾಗಿದೆ?” ಅಂತ ಕೇಳುತ್ತಾರೆ, ಹುಡುಗರು ಇಲ್ಲದ ಭೌತಶಾಸ್ತ್ರ ಹೇಳಲು ಶುರು ಮಾಡುತ್ತಾರೆ.

ಲೆಕ್ಕ ಮತ್ತು ಗ್ರಾಫ್ ಮಾಡುವ ಮ್ಯಾಟ್‌ಲ್ಯಾಬ್ ಸಾಫ್ಟ್‌ವೇರಿನವರು 2014ರ ಎರಡನೇ ಬಿಡುಗಡೆಯಲ್ಲಿ ತಾನಾಗಿ ಬರುವ ಪಟ್ಟಿಯಾಗಿ ಜೆಟ್ ಬದಲು ‘ಪರುಲಾ’ ತಂದರು. ಪೈಥಾನ್ ಭಾಷೆಯಲ್ಲಿ ಗ್ರಾಫ್ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್ 2017ರಲ್ಲಿ 2.0 ಆವೃತ್ತಿ ಬಂದಾಗ ‘ವಿರಿಡಿಸ್’ಗೆ ಬದಲಾಯಿತು. ವಿರಿಡಿಸ್ ಕಡುನೇರಳೆಯಿಂದ ಹಳದಿಗೆ ಹೋಗುತ್ತದೆ. ದಾರಿಯುದ್ದಕ್ಕೂ ಬೆಳಕು ಒಂದೇ ಸಮನೆ ಏರುತ್ತದೆ. ಜೆರಾಕ್ಸ್ ಮಾಡಿದರೂ ಕಪ್ಪಿಂದ ಬಿಳಿಗೆ ಸರಿಯಾಗೇ ಬರುತ್ತದೆ. ಕೆಂಪು ಹಸಿರಿನ ವ್ಯತ್ಯಾಸ ಕಾಣದವರು ನಮ್ಮ ನಡುವೆ ಇದ್ದಾರೆ, ಗಂಡಸರಲ್ಲಿ ಜಾಸ್ತಿ. ಅವರಿಗೂ ಇದು ಅರ್ಥವಾಗುತ್ತದೆ. ಜೆಟ್ ಹಾಕುವವರನ್ನು ಬೈಯುವುದು ಈಗ ಒಂದು ಫ್ಯಾಶನ್. ನಾನು ಅಷ್ಟು ದೂರ ಹೋಗುವುದಿಲ್ಲ. ನನ್ನ ಪರದೆಯ ಮೇಲೆ ತಪ್ಪು ಹುಡುಕುವಾಗ ನಾನೂ ಜೆಟ್ ಹಾಕಿಕೊಳ್ಳುತ್ತೇನೆ. ಮನೆಯಿಂದ ಹೊರಗೆ ಕಳಿಸುವಾಗ ತೆಗೆಯುತ್ತೇನೆ.

ಹೊರಗೆ ಕಳಿಸುವುದು ಅಂದೆನಲ್ಲ, ಅಲ್ಲಿಗೇ ಬರುತ್ತೇನೆ. ಕಾಫಿ ಎಕ್ಸ್‌ಪೋರ್ಟ್ ಮಾಡುವವರು ಮೂಟೆ ಕಟ್ಟುವ ಮೊದಲು ಏನು ಕೇಳುತ್ತಾರೆ? ಯಾರಿಗೆ ಹೋಗುತ್ತಿದೆ ಅಂತ. ಕೊಳ್ಳುವವರಿಗೆ ಯಾವ ಗ್ರೇಡು ಬೇಕು, ಕಾಳಿನ ಸೈಜು ಎಷ್ಟಿರಬೇಕು, ಅದರ ಪ್ರಕಾರ ಜರಡಿ ಹಿಡಿಯುತ್ತಾರೆ. ಮುಂದಿನ ಸಾಲಿನವರು ತಲೆ ಅಲ್ಲಾಡಿಸುತ್ತಿದ್ದಾರೆ, ಸದ್ಯ. ನಾವು ಮಾತ್ರ ಚಿತ್ರ ಮೊದಲು ಮಾಡಿ, ಅದು ಎಲ್ಲಿಗೆ ಹೋಗಬೇಕು ಅಂತ ಆಮೇಲೆ ಯೋಚಿಸುತ್ತೇವೆ. ಎಷ್ಟು ಸೆಂಟಿಮೀಟರ್ ಅಗಲಕ್ಕೆ ಅಚ್ಚಾಗುತ್ತದೆ? ಕಾಗದದ ಮೇಲಾ, ಪರದೆಯ ಮೇಲಾ? ನೋಡುವವರು ಒಂದಡಿ ದೂರ ಇರುತ್ತಾರಾ, ಹಿಂದಿನ ಬೆಂಚಿನಲ್ಲಿ ಕೂತಿರುತ್ತಾರಾ? ಇವತ್ತು ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

ಲೆಕ್ಕ ಮಾಡೋಣ. ಎ4 ಹಾಳೆಯ ಅಗಲ 21 ಸೆಂ.ಮೀ. ಎರಡೂ ಕಡೆ ಮಾರ್ಜಿನ್ ಬಿಟ್ಟರೆ ಚಿತ್ರಕ್ಕೆ ಸುಮಾರು 16 ಸೆಂ.ಮೀ. ಸಿಗುತ್ತದೆ, ಅಂದರೆ 6.3 ಇಂಚು. ಅಚ್ಚು ಚೆನ್ನಾಗಿ ಬರಲು ಇಂಚಿಗೆ 300 ಚುಕ್ಕಿ ಬೇಕು ಅಂತ ಸಾಮಾನ್ಯವಾಗಿ ಹೇಳುತ್ತಾರೆ. 6.3 ಗುಣಿಸು 300, ಹತ್ತಿರ ಹತ್ತಿರ 1900 ಪಿಕ್ಸೆಲ್ ಅಗಲ. ಮ್ಯಾಟ್‌ಪ್ಲಾಟ್‌ಲಿಬ್ ತಾನಾಗಿ ಕೊಡುವುದು ಎಷ್ಟು? 6.4 ಇಂಚು ಅಗಲ, 4.8 ಇಂಚು ಎತ್ತರ, ಇಂಚಿಗೆ 100 ಚುಕ್ಕಿ. ಅಂದರೆ 640 ಪಿಕ್ಸೆಲ್. ಬೇಕಾದ್ದರಲ್ಲಿ ಮೂರನೇ ಒಂದು ಪಾಲು. ನೀವು ಪ್ರಿಂಟ್ ಸ್ಕ್ರೀನ್ ಒತ್ತಿ ತೆಗೆದ ಚಿತ್ರದ್ದೂ ಇದೇ ಕಥೆ. ಲ್ಯಾಪ್‌ಟಾಪಿನ ಪೂರ್ತಿ ಪರದೆಯೇ 1366 ಪಿಕ್ಸೆಲ್ ಅಗಲ ಇದ್ದರೆ, ಅದರೊಳಗಿನ ಒಂದು ಕಿಟಕಿಗೆ ಎಷ್ಟು ಸಿಕ್ಕೀತು?

ಕೆಲವರು ಪರದೆಯ ಫೋಟೋವನ್ನೇ ಮೊಬೈಲಿನಲ್ಲಿ ಹೊಡೆದು ರಿಪೋರ್ಟಿಗೆ ಹಾಕುತ್ತಾರೆ. ನಗಬೇಡಿ, ಈ ಸಭೆಯಲ್ಲೇ ಇದ್ದೀರಿ. ಅದರಲ್ಲಿ ಗ್ರಾಫಿನ ಜೊತೆಗೆ ಅಲೆ ಅಲೆ ಪಟ್ಟೆ, ಟ್ಯೂಬ್‌ಲೈಟು, ನಿಮ್ಮ ಮುಖ ಎಲ್ಲ ಇರುತ್ತದೆ.

ಇದಕ್ಕಿಂತ ಹೆಚ್ಚು ಜನ ಮಾಡುವ ತಪ್ಪು ಬೇರೆ. ಜರ್ನಲ್‌ನವರು 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕಿ, ಬೇಕು ಅಂತಾರೆ. ಹುಡುಗರು ಆ 640 ಪಿಕ್ಸೆಲ್ ಚಿತ್ರವನ್ನೇ ಯಾವುದೋ ವೆಬ್‌ಸೈಟಿಗೆ ಹಾಕಿ ‘300 ಡಿಪಿಐ’ ಮಾಡಿಸಿಕೊಂಡು ಬರುತ್ತಾರೆ. ಬಹಳ ಸಲ ಫೈಲಿನಲ್ಲಿ ಬರೆದಿರುವ ಒಂದು ಸಂಖ್ಯೆ ಬದಲಾಗಿರುತ್ತದೆ, ಅಷ್ಟೇ. ಇಲ್ಲವೇ ಇದ್ದ ಚುಕ್ಕಿಗಳನ್ನೇ ಹಿಗ್ಗಿಸಿ ಮಸುಕು ಮಾಡಿರುತ್ತದೆ. ಒಂದು ಲೀಟರ್ ಹಾಲಿನ ಪಾತ್ರೆ ಮೇಲೆ ಮೂರು ಲೀಟರ್ ಅಂತ ಚೀಟಿ ಅಂಟಿಸಿದರೆ ಹಾಲು ಜಾಸ್ತಿಯಾಗುತ್ತದಾ? ನೀರು ಬೆರೆಸಬಹುದು, ಅದು ಬೇರೆ ಮಾತು. ನಿಜವಾದ ಚುಕ್ಕಿ ಬೇಕಿದ್ದರೆ ಸಾಫ್ಟ್‌ವೇರಿಗೆ ವಾಪಸ್ ಹೋಗಿ ಮತ್ತೆ ತೆಗೆಯಬೇಕು.

ಪಿಕ್ಸೆಲ್‌ಗಿಂತ ನನಗೆ ಜಾಸ್ತಿ ಕಾಟ ಕೊಟ್ಟಿದ್ದು ಅಕ್ಷರದ ಸೈಜು. ಚಿತ್ರವನ್ನು ಪರದೆ ತುಂಬ ದೊಡ್ಡದಾಗಿ ಮಾಡುತ್ತೀರಿ, 30 ಸೆಂ.ಮೀ. ಅಗಲ ಅಂದುಕೊಳ್ಳಿ. ಅಕ್ಷರ 10 ಪಾಯಿಂಟ್, ನೋಡಲು ಸರಿಯಾಗಿದೆ. ಪೇಪರಿನಲ್ಲಿ ಒಂದು ಕಾಲಂ ಅಗಲ 8 ಸೆಂ.ಮೀ. ಇರುತ್ತದೆ. ಚಿತ್ರ ಕುಗ್ಗಿದಾಗ ಅಕ್ಷರವೂ ಕುಗ್ಗಿ 2.7 ಪಾಯಿಂಟ್ ಆಗುತ್ತದೆ. ಮಾತ್ರೆ ಪಟ್ಟಿಯ ಹಿಂದೆ ಎಕ್ಸ್‌ಪೈರಿ ಡೇಟು ಹುಡುಕಿದ ಹಾಗೆ. ಡಿಪಿಐ ಸಾವಿರ ಮಾಡಿದರೂ ಇದು ಸರಿಹೋಗುವುದಿಲ್ಲ. ಸಣ್ಣ ಅಕ್ಷರ ಬಹಳ ನೀಟಾಗಿ ಸಣ್ಣದಾಗಿಯೇ ಅಚ್ಚಾಗುತ್ತದೆ! ನನ್ನ ಒಂದು ಪೇಪರ್ ವಾಪಸ್ ಬಂದಿದ್ದು ಇದಕ್ಕೇ. ಯಾವ ಜರ್ನಲ್ ಅಂತ ಬೇಡ. ಓದಿದವರು ಒಂದೇ ಸಾಲು ಬರೆದಿದ್ದರು, ಅಕ್ಷದ ಮೇಲಿನ ಅಂಕಿ ಓದಲು ಆಗುತ್ತಿಲ್ಲ ಅಂತ.

ಆದ್ದರಿಂದ ಈಗ ನಾನು ಮೊದಲೇ ಅಳತೆ ಹೇಳಿಬಿಡುತ್ತೇನೆ. ಚಿತ್ರ 8 ಸೆಂ.ಮೀ.ಗೆ ಅಚ್ಚಾಗುವುದಾದರೆ ಸಾಫ್ಟ್‌ವೇರಿನಲ್ಲೂ 8 ಸೆಂ.ಮೀ.ಗೇ ಮಾಡುತ್ತೇನೆ, ಅಕ್ಷರ 8 ಪಾಯಿಂಟ್ ಇಡುತ್ತೇನೆ, ವರ್ಡ್‌ನಲ್ಲಿ ಮೂಲೆ ಹಿಡಿದು ಎಳೆಯುವುದಿಲ್ಲ. ದರ್ಜಿ ಹತ್ತಿರ ರವಿಕೆ ಹೊಲಿಸುವವರಿಗೆ ಇದು ಹೊಸದಲ್ಲ. ಪೋಸ್ಟರಿಗೆ ಬೇರೆ, ಸ್ಲೈಡಿಗೆ ಬೇರೆ, ಪೇಪರಿಗೆ ಬೇರೆ ಚಿತ್ರ. ಒಂದೇ ಚಿತ್ರ ಮೂರು ಕಡೆ ತುರುಕಿದರೆ ಒಂದು ಕಡೆಯೂ ಸರಿಯಾಗಿ ಕೂರುವುದಿಲ್ಲ.

ಮ್ಯಾಟ್‌ಪ್ಲಾಟ್‌ಲಿಬ್ ಬಳಸುವವರಿಗೆ ಒಂದು ಕಿವಿಮಾತು. ಚಿತ್ರವನ್ನು ಫೈಲಿಗೆ ಉಳಿಸುವ ಸೇವ್‌ಫಿಗ್ ಆಜ್ಞೆಗೆ ಎಲ್ಲರೂ ‘ಬಿಬಾಕ್ಸ್ ಟೈಟ್’ ಅಂತ ಸೇರಿಸುತ್ತಾರೆ, ಸುತ್ತಲಿನ ಖಾಲಿ ಜಾಗ ಕತ್ತರಿಸಲು. ಅದು ಕತ್ತರಿಸಿದಾಗ ನೀವು ಕೊಟ್ಟ ಅಗಲವೂ ಬದಲಾಗುತ್ತದೆ. 8 ಸೆಂ.ಮೀ. ಅಂದಿದ್ದು 7.4 ಆಗಿ ಬರುತ್ತದೆ, ವರ್ಡು ಅದನ್ನು ಮತ್ತೆ ಹಿಗ್ಗಿಸುತ್ತದೆ, ಒಂದು ಚಿತ್ರದ ಅಕ್ಷರ ದಪ್ಪ, ಪಕ್ಕದ್ದು ಸಣ್ಣ. ಇನ್ನೊಂದು ವಿಷಯ. ಚಿತ್ರವನ್ನು ಪರದೆಗೆ ತರುವ ಶೋ ಆಜ್ಞೆ ಮೊದಲು ಬರೆದು ಸೇವ್‌ಫಿಗ್ ಆಮೇಲೆ ಬರೆದರೆ ಬಿಳಿ ಹಾಳೆ ಸೇವ್ ಆಗುವುದೇ ಜಾಸ್ತಿ. ಕಿಟಕಿ ಮುಚ್ಚಿದಾಗಲೇ ಚಿತ್ರ ಹೋಗಿರುತ್ತದೆ. ಗ್ನೂಪ್ಲಾಟ್ ಅನ್ನುವ ಇನ್ನೊಂದು ಗ್ರಾಫ್ ಸಾಫ್ಟ್‌ವೇರಿನಲ್ಲಿ ಇದಕ್ಕೆ ಅಣ್ಣತಮ್ಮ ಇದ್ದಾನೆ. ಔಟ್‌ಪುಟ್ ಫೈಲಿನ ಹೆಸರು ಕೊಟ್ಟು, ಪ್ಲಾಟ್ ಅಂದು, ಅನ್‌ಸೆಟ್ ಔಟ್‌ಪುಟ್ ಅನ್ನದೇ ಫೈಲ್ ತೆರೆದರೆ ಅರ್ಧ ಚಿತ್ರ ಅಥವಾ ಸೊನ್ನೆ ಬೈಟು. ಫೈಲು ಇನ್ನೂ ಮುಚ್ಚಿರುವುದಿಲ್ಲ.

ಈಗ ಫೈಲಿನ ಜಾತಿ. ಜೆಪೆಗ್ ಬೇಡ, ಇದೊಂದನ್ನು ಕಣ್ಣು ಮುಚ್ಚಿ ಒಪ್ಪಿಕೊಳ್ಳಿ. ಜೆಪೆಗ್ 1992ರಲ್ಲಿ ಬಂದಿದ್ದು, ಫೋಟೋಗೆ ಅಂತಲೇ ಮಾಡಿದ್ದು. ಚಿತ್ರವನ್ನು 8ಕ್ಕೆ 8 ಪಿಕ್ಸೆಲ್‌ಗಳ ಸಣ್ಣ ಚೌಕ ಮಾಡಿ, ಪ್ರತಿ ಚೌಕದಲ್ಲೂ ಕಣ್ಣು ಗಮನಿಸದ ಸೂಕ್ಷ್ಮವನ್ನು ಬಿಟ್ಟುಬಿಡುತ್ತದೆ. ಮುಳ್ಳಯ್ಯನಗಿರಿಯ ಮಂಜಿನ ಫೋಟೋಗೆ ಅದು ಸರಿ. ಬಿಳಿ ಹಾಳೆ ಮೇಲಿನ ಕಪ್ಪು ಗೆರೆಗೆ ಸರಿಯಲ್ಲ. ಗೆರೆಯ ಅಂಚಿನಲ್ಲಿ ಬೂದು ಬಣ್ಣದ ಚುಕ್ಕಿಗಳು ಸೊಳ್ಳೆ ಮುತ್ತಿದ ಹಾಗೆ ಮುತ್ತಿಕೊಳ್ಳುತ್ತವೆ. ಒಮ್ಮೆ ಜೆಪೆಗ್ ಆದದ್ದನ್ನು ಮತ್ತೆ ಪಿಎನ್‌ಜಿ ಮಾಡಿದರೆ ಸೊಳ್ಳೆಗಳನ್ನೂ ಜೋಪಾನವಾಗಿ ಉಳಿಸಿಕೊಡುತ್ತದೆ.

ಪಿಎನ್‌ಜಿ ಏನನ್ನೂ ಬಿಡುವುದಿಲ್ಲ. ಅದು ಹುಟ್ಟಿದ ಕಥೆ ಸ್ವಲ್ಪ ತಮಾಷೆ. ಅದಕ್ಕೂ ಮೊದಲು ಎಲ್ಲರೂ ಜಿಫ್ ಬಳಸುತ್ತಿದ್ದರು. ಜಿಫ್ ಒಳಗೆ ಫೈಲ್ ಕುಗ್ಗಿಸುವ ವಿಧಾನದ ಮೇಲೆ ಯುನಿಸಿಸ್ ಕಂಪನಿಯ ಪೇಟೆಂಟ್ ಇತ್ತು. ಅದಕ್ಕೆ ದುಡ್ಡು ಕೊಡಬೇಕು ಅಂತ 1994ರ ಕೊನೆಯಲ್ಲಿ ಸುದ್ದಿ ಬಂತು. ಪ್ರೋಗ್ರಾಮರ್‌ಗಳು ಸಿಟ್ಟಾಗಿ ತಾವೇ ಕೂತು ಹೊಸದೊಂದನ್ನು ಮಾಡಿದರು. 1996ರಲ್ಲಿ ಪಿಎನ್‌ಜಿ ಬಂತು. ಸಿಟ್ಟಿನಿಂದಲೂ ಒಮ್ಮೊಮ್ಮೆ ಒಳ್ಳೇದಾಗುತ್ತದೆ.

ಆದರೆ ಗೆರೆಯ ಗ್ರಾಫಿಗೆ ಪಿಎನ್‌ಜಿಗಿಂತಲೂ ಪಿಡಿಎಫ್ ಅಥವಾ ಎಸ್‌ವಿಜಿ ಮೇಲು. ಅಲ್ಲಿ ಚುಕ್ಕಿಗಳೇ ಇರುವುದಿಲ್ಲ. ಇಲ್ಲಿಂದ ಅಲ್ಲಿಗೆ ಗೆರೆ ಎಳೆ, ಇಷ್ಟು ದಪ್ಪ, ಈ ಬಣ್ಣ ಅನ್ನುವ ಸೂಚನೆ ಇರುತ್ತದೆ. ರಂಗೋಲಿ ಫೋಟೋ ಕಳಿಸುವುದಕ್ಕೂ, ಚುಕ್ಕಿ ಎಷ್ಟು, ಗೆರೆ ಎಲ್ಲಿಂದ ಎಲ್ಲಿಗೆ ಅಂತ ಹೇಳಿಕೊಡುವುದಕ್ಕೂ ಇರುವ ವ್ಯತ್ಯಾಸ ಅಂದುಕೊಳ್ಳಿ. ಹೇಳಿಕೊಟ್ಟರೆ ಅಂಗಳದಷ್ಟು ದೊಡ್ಡದಾಗಿಯೂ ಬಿಡಿಸಬಹುದು.

ಹಾಗಂತ ಎಲ್ಲವನ್ನೂ ಪಿಡಿಎಫ್ ಮಾಡಬೇಡಿ. ಲೆಕ್ಕಕ್ಕಾಗಿ ನನ್ನ ಡ್ರೈಯರನ್ನು ತುಂಡು ತುಂಡು ಮಾಡಿದ ಬಲೆಯಲ್ಲಿ, ಅಂದರೆ ಮೆಶ್‌ನಲ್ಲಿ, ಲಕ್ಷಗಟ್ಟಲೆ ತ್ರಿಕೋನ ಇದ್ದವು. ಹುಮ್ಮಸ್ಸಿನಲ್ಲಿ ಅದನ್ನು ವೆಕ್ಟರ್, ಅಂದರೆ ಬರೀ ಗೆರೆಯ ಸೂಚನೆಗಳ, ಪಿಡಿಎಫ್ ಮಾಡಿದೆ. ತೆರೆದರೆ ಒಂದೊಂದೇ ತ್ರಿಕೋನ ಬಿಡಿಸುತ್ತಾ ಹೋಯಿತು. ಎದ್ದು ಕಾಫಿ ಕುಡಿದು ಬಂದೆ, ಇನ್ನೂ ಬಿಡಿಸುತ್ತಿತ್ತು. ಬಣ್ಣದ ತುಂಡುಗಳ ನಡುವೆ ಕೂದಲೆಳೆಯಂಥ ಬಿಳಿ ಗೆರೆ ಬೇರೆ. ಸರಿಯಾದ ದಾರಿ ಏನೆಂದರೆ ಬಣ್ಣದ ಭಾಗವನ್ನು ಮಾತ್ರ ಪಿಕ್ಸೆಲ್ ಮಾಡಿ, ಅಕ್ಷ ಮತ್ತು ಅಕ್ಷರವನ್ನು ವೆಕ್ಟರ್ ಆಗಿ ಉಳಿಸುವುದು. ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ‘ರಾಸ್ಟರೈಸ್ಡ್’ ಅನ್ನುವ ಒಂದು ಮಾತು ಸೇರಿಸಿದರೆ ಇದೇ ಆಗುತ್ತದೆ. ಬಹಳ ಜನಕ್ಕೆ ಗೊತ್ತಿಲ್ಲದ ಮಾತು ಇದು.

ಇಲ್ಲಿಯವರೆಗೆ ಚೆಂದದ ವಿಷಯವಾಯಿತು. ಇನ್ನು ಸುಳ್ಳಿನ ವಿಷಯ. ಚಿತ್ರ ಮಸುಕಾದರೆ ಜನ ಬೈಯುತ್ತಾರೆ, ತಿದ್ದಿಕೊಳ್ಳುತ್ತೀರಿ. ಚಿತ್ರ ನೀಟಾಗಿ ಸುಳ್ಳು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಕೆಲವು ವರ್ಷದ ಹಿಂದೆ ಇಬ್ಬರು ಹುಡುಗಿಯರು ಒಂದೇ ಡ್ರೈಯರಿನ ಎರಡು ಡಿಸೈನ್ ಹೋಲಿಸಿದ್ದರು. ಅಕ್ಕಪಕ್ಕ ಎರಡು ಚಿತ್ರ. ಎರಡರಲ್ಲೂ ಬಾಯಿಯ ಹತ್ತಿರ ಕೆಂಪು, ಮೂಲೆಯಲ್ಲಿ ನೀಲಿ. ನೋಡಿದರೆ ಒಂದೇ ಥರ. “ಡಿಸೈನ್ ಬದಲಾಯಿಸಿದ್ದರಿಂದ ಏನೂ ವ್ಯತ್ಯಾಸ ಆಗಿಲ್ಲ ಸರ್” ಅಂತ ಬರೆದುಕೊಂಡು ಬಂದಿದ್ದರು. ಬಣ್ಣದ ಪಟ್ಟಿಯ ಪಕ್ಕದ ಅಂಕಿ ನೋಡಿದೆ. ಒಂದರಲ್ಲಿ 32ರಿಂದ 48 ಡಿಗ್ರಿ. ಇನ್ನೊಂದರಲ್ಲಿ 32ರಿಂದ 62. ಸಾಫ್ಟ್‌ವೇರು ಪ್ರತಿ ಚಿತ್ರಕ್ಕೂ ಅದರದ್ದೇ ಕನಿಷ್ಠ ಗರಿಷ್ಠ ಹುಡುಕಿ ಬಣ್ಣ ಹಚ್ಚಿತ್ತು. 48ಕ್ಕೂ ಅದೇ ಕೆಂಪು, 62ಕ್ಕೂ ಅದೇ ಕೆಂಪು. ಕಾಫಿ ಬೀಜಕ್ಕೆ ಈ 14 ಡಿಗ್ರಿ ಅಂದರೆ ಏನು ಅಂತ ಮುಂದಿನ ಸಾಲಿನವರನ್ನು ಕೇಳಿ.

“ಬೀಜ ಹಾಳು” ಅಂತ ಅವರು ಕೂತಲ್ಲಿಂದಲೇ ಹೇಳಿದರು.

ಎರಡಕ್ಕೂ 32ರಿಂದ 62 ಅಂತ ಕೈಯಾರೆ ಕೊಟ್ಟು ಮತ್ತೆ ಎಕ್ಸ್‌ಪೋರ್ಟ್ ಮಾಡಿಸಿದೆ. ಈಗ ಒಂದರಲ್ಲಿ ಕೆಂಪು, ಇನ್ನೊಂದರಲ್ಲಿ ಹಸಿರು ದಾಟುವುದೇ ಇಲ್ಲ. ಅವರು ತೀರ್ಮಾನದ ಪುಟವನ್ನೇ ಹೊಸದಾಗಿ ಬರೆಯಬೇಕಾಯಿತು. ಸಿಮ್ಯುಲೇಶನ್ ಚಿತ್ರ ತೋರಿಸುವ ಪ್ಯಾರಾವ್ಯೂ ಸಾಫ್ಟ್‌ವೇರಿನಲ್ಲಿ ಇದಕ್ಕೆ ಕಸ್ಟಮ್ ರೇಂಜ್ ಅನ್ನುವ ಬಟನ್ ಇದೆ. ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ವಿಮಿನ್, ವಿಮ್ಯಾಕ್ಸ್. ಹೋಲಿಕೆಯ ಚಿತ್ರ ಅಂದ ಕೂಡಲೇ ಕೈ ಅಲ್ಲಿಗೆ ಹೋಗಬೇಕು. ವಿಡಿಯೋ ಮಾಡುವಾಗ ಇನ್ನೂ ಮುಖ್ಯ, ಇಲ್ಲದಿದ್ದರೆ ಫ್ರೇಮ್ ಫ್ರೇಮಿಗೂ ಬಣ್ಣದ ಅರ್ಥ ಬದಲಾಗುತ್ತಾ ಹೋಗುತ್ತದೆ. ಅಂದ ಹಾಗೆ ಫ್ರೇಮಿನ ಹೆಸರು 001, 002 ಅಂತ ಕೊಡಿ. ಬರೀ 1, 2 ಅಂತ ಕೊಟ್ಟರೆ ಬಹಳ ಕಡೆ 1 ಆದ ಮೇಲೆ 10 ಬರುತ್ತದೆ, ಗಾಳಿ ಹಿಂದಕ್ಕೂ ಮುಂದಕ್ಕೂ ಓಡುತ್ತದೆ.

ಇನ್ನೊಂದು ಉದಾಹರಣೆ ನಮ್ಮೂರಿನದೇ ಕೊಡುತ್ತೇನೆ. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. ನಾವೆಲ್ಲ ಎಂಸಿಎಫ್ ಅನ್ನುತ್ತೇವೆ. 1982ರಿಂದ ಇದೆ. ದೊಡ್ಡ ದೊಡ್ಡ ತಟ್ಟೆ ಆಂಟೆನಾಗಳನ್ನು ನೋಡಿಕೊಂಡೇ ಬೆಳೆದವರು ನಾವು. ಭೂಮಿಯಿಂದ ಸುಮಾರು 36,000 ಕಿ.ಮೀ. ಮೇಲಿರುವ ಉಪಗ್ರಹಗಳನ್ನು ಅಲ್ಲಿಂದ ನೋಡಿಕೊಳ್ಳುತ್ತಾರೆ. ಅಂಥ ಉಪಗ್ರಹದ ಕಕ್ಷೆ ಸಮಭಾಜಕಕ್ಕೆ ಸ್ವಲ್ಪ ವಾಲಿದ್ದರೆ, ಅದು ಒಂದೇ ಕಡೆ ನಿಲ್ಲದೆ ದಿನಕ್ಕೊಮ್ಮೆ ಇಂಗ್ಲಿಷಿನ 8ರ ಹಾಗೆ ಸುತ್ತುತ್ತದೆ. ಇದನ್ನು ಸಿಮ್ಯುಲೇಟ್ ಮಾಡುವುದು ಸುಲಭ, ಮೂರನೇ ಸೆಮಿಸ್ಟರಿನವರೂ ಮಾಡಬಹುದು. ಮಾಡಿ ಪ್ಲಾಟ್ ಹಾಕಿದರೆ ದುಂಡು ದುಂಡಾದ, ಉಂಡು ಮಲಗಿದಂಥ 8 ಬರುತ್ತದೆ.

ನಿಜವಾದ 8 ಹಾಗಿರುವುದಿಲ್ಲ. ಕಕ್ಷೆ 5 ಡಿಗ್ರಿ ವಾಲಿದೆ ಅಂದುಕೊಳ್ಳಿ. ಉಪಗ್ರಹ ಉತ್ತರಕ್ಕೆ 5, ದಕ್ಷಿಣಕ್ಕೆ 5 ಡಿಗ್ರಿ ಹೋಗುತ್ತದೆ. ಪೂರ್ವ ಪಶ್ಚಿಮಕ್ಕೆ ಹೋಗುವುದು ಆ ಕಡೆ ಈ ಕಡೆ ಸುಮಾರು 0.11 ಡಿಗ್ರಿ ಮಾತ್ರ. ಉದ್ದ 10 ಡಿಗ್ರಿ, ಅಗಲ 0.22. ಅಗಲಕ್ಕಿಂತ 45 ಪಟ್ಟು ಉದ್ದ. ದಬ್ಬಣದ ಥರ! ಸಾಫ್ಟ್‌ವೇರು ಎರಡೂ ಅಕ್ಷಗಳನ್ನು ಬೇರೆ ಬೇರೆ ಎಳೆದು ಚೌಕಟ್ಟು ತುಂಬಿಸಿದ್ದರಿಂದ ಅದು ದುಂಡಾಗಿ ಕಂಡಿತು.

ಹಾಗಾದರೆ ಎರಡೂ ಅಕ್ಷಕ್ಕೆ ಒಂದೇ ಅಳತೆ ಕೊಟ್ಟು ಎಕ್ಸ್‌ಪೋರ್ಟ್ ಮಾಡಬೇಕಾ? ಮಾಡಿ ನೋಡಿ, ಒಂದು ನಿಂತ ಗೆರೆ ಕಾಣುತ್ತದೆ, 8 ಇದೆ ಅಂತಲೇ ಗೊತ್ತಾಗುವುದಿಲ್ಲ. ಇಲ್ಲಿ ನಿಯಮ ನಿಮ್ಮನ್ನು ಕಾಪಾಡುವುದಿಲ್ಲ. 8ರ ಆಕಾರ ವಿವರಿಸಬೇಕಿದ್ದರೆ ಎಳೆದ ಚಿತ್ರವನ್ನೇ ಹಾಕಿ. ಕೆಳಗೆ ಒಂದು ಸಾಲು ಬರೆಯಿರಿ, ಅಡ್ಡ ಅಕ್ಷವನ್ನು ಹಿಗ್ಗಿಸಿದೆ ಅಂತ. ಡ್ರೈಯರು, ಅಣೆಕಟ್ಟು, ಯಂತ್ರದ ಭಾಗದಂಥ ವಸ್ತುಗಳ ಆಕಾರ ತೋರಿಸುವಾಗ ಮಾತ್ರ ಎರಡೂ ಅಕ್ಷ ಒಂದೇ ಅಳತೆಯಲ್ಲಿರಲಿ. ಪೈಪಿನ ಬಾಯಿ ಮೊಟ್ಟೆಯಾಕಾರದಲ್ಲಿ ಅಚ್ಚಾದರೆ ಯಾರು ನಂಬುತ್ತಾರೆ?

ಕನ್ನಡದ ವಿಷಯ ಹೇಳದೆ ಮುಗಿಸಿದರೆ ಮನಸ್ಸಿಗೆ ಸಮಾಧಾನ ಆಗುವುದಿಲ್ಲ. ಬೆಳೆಗಾರರ ಒಂದು ಸಭೆಗೆ ಕನ್ನಡದಲ್ಲೇ ಗ್ರಾಫ್ ಮಾಡೋಣ ಅಂತ ಹೊರಟೆ. ಎರಡು ಗೆರೆ, ಒಂದಕ್ಕೆ ‘ಹಾಸನ’, ಇನ್ನೊಂದಕ್ಕೆ ‘ಚಿಕ್ಕಮಗಳೂರು’. ಮೊದಲು ಬಂದಿದ್ದು ಬರೀ ಚೌಕ ಡಬ್ಬಿಗಳು. ಮ್ಯಾಟ್‌ಪ್ಲಾಟ್‌ಲಿಬ್ ಜೊತೆಗೆ ಬರುವ ಫಾಂಟಿನಲ್ಲಿ ಕನ್ನಡ ಇಲ್ಲ. ನೋಟೊ ಸಾನ್ಸ್ ಕನ್ನಡ ಅನ್ನುವ ಫಾಂಟ್ ಹಾಕಿದೆ. ‘ಹಾಸನ’ ಹೆಚ್ಚು ಕಡಿಮೆ ಸರಿಯಾಗಿ ಬಂತು. ‘ಚಿಕ್ಕಮಗಳೂರು’ ಮುರಿದು ಬಿತ್ತು. ಗುಡಿಸು ಒಂದು ಕಡೆ, ಕ ಒಂದು ಕಡೆ, ಒತ್ತಾಗಬೇಕಿದ್ದ ಇನ್ನೊಂದು ಕ ಪಕ್ಕದಲ್ಲಿ ಬಂದು ನಿಂತಿತ್ತು. ಹಾಸನದವನಾಗಿ ಒಳಗೊಳಗೇ ಸ್ವಲ್ಪ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಆ ಸಭೆ ಇದ್ದಿದ್ದು ಚಿಕ್ಕಮಗಳೂರಿನಲ್ಲೇ.

ಕನ್ನಡದ ಅಕ್ಷರಗಳನ್ನು ಇಂಗ್ಲಿಷಿನ ಹಾಗೆ ಸಾಲಾಗಿ ಜೋಡಿಸಿದರೆ ಆಗುವುದಿಲ್ಲ. ಗುಣಿತ ಸೇರಿದಾಗ ಅಕ್ಷರದ ತಲೆ ಬದಲಾಗಬೇಕು, ಒತ್ತು ಕೆಳಗೆ ಇಳಿಯಬೇಕು. ಈ ಜೋಡಣೆ ಮಾಡುವ ಕೆಲಸವೇ ಬೇರೆ. ನಾನು ಆಗ ಬಳಸುತ್ತಿದ್ದ ಆವೃತ್ತಿ ಅದನ್ನು ಮಾಡುತ್ತಿರಲಿಲ್ಲ. ಗ್ನೂಪ್ಲಾಟಿನ ‘ಪಿಎನ್‌ಜಿ ಕೈರೋ’ ಮತ್ತು ‘ಪಿಡಿಎಫ್ ಕೈರೋ’ ಟರ್ಮಿನಲ್‌ಗಳು, ಅಂದರೆ ಚಿತ್ರ ಹೊರಗೆ ಕೊಡುವ ವಿಧಾನಗಳು, ಪ್ಯಾಂಗೋ ಅನ್ನುವ ಲೈಬ್ರರಿ ಬಳಸುತ್ತವೆ. ಅದಕ್ಕೆ ಒತ್ತಕ್ಷರ ಗೊತ್ತು. 1986ರಲ್ಲೇ ಹುಟ್ಟಿದ ಹಳೇ ಗ್ನೂಪ್ಲಾಟು ನನ್ನ ಕೈಹಿಡಿಯಿತು. ಇನ್ನೊಂದು ದಾರಿ ಅಂದರೆ ಅಕ್ಷರವಿಲ್ಲದೆ ಎಸ್‌ವಿಜಿ ತೆಗೆದು, ಚಿತ್ರ ತಿದ್ದುವ ಇಂಕ್‌ಸ್ಕೇಪ್‌ನಲ್ಲಿ ಕನ್ನಡ ಬರೆಯುವುದು. ಹತ್ತು ಚಿತ್ರಕ್ಕೆ ಪರವಾಗಿಲ್ಲ, ನೂರಕ್ಕೆ ಕೈ ನೋಯುತ್ತದೆ.

ಉಳಿದ ಸಾಫ್ಟ್‌ವೇರುಗಳ ಬಗ್ಗೆ ಬೇಗ ಬೇಗ ಹೇಳುತ್ತೇನೆ. ಮ್ಯಾಟ್‌ಲ್ಯಾಬ್‌ನಲ್ಲಿ 2020ರಿಂದ ‘ಎಕ್ಸ್‌ಪೋರ್ಟ್ ಗ್ರಾಫಿಕ್ಸ್’ ಅನ್ನುವ ಆಜ್ಞೆ ಇದೆ, ಹಳೇ ಪ್ರಿಂಟ್ ಆಜ್ಞೆಗಿಂತ ಸುಲಭ. ಆಕ್ಟೇವ್‌ನಲ್ಲಿ ಪ್ರಿಂಟ್ ಜೊತೆ ಆರ್ 300 ಸೇರಿಸಿ. ಸೈಲ್ಯಾಬ್‌ನಲ್ಲಿ ಪಿಎನ್‌ಜಿ, ಪಿಡಿಎಫ್, ಎಸ್‌ವಿಜಿಗೆ ಒಂದೊಂದು ಆಜ್ಞೆ ಇದೆ. ಪ್ಯಾರಾವ್ಯೂನಲ್ಲಿ ಸೇವ್ ಸ್ಕ್ರೀನ್‌ಶಾಟ್ ಅಂತ ಹೆಸರು, ಆದರೆ ಅದು ಬರೀ ಸ್ಕ್ರೀನ್‌ಶಾಟ್ ಅಲ್ಲ. ನಿಮ್ಮ ಪರದೆಗಿಂತ ದೊಡ್ಡ ಅಳತೆ ಕೇಳಿದರೂ ಹೊಸದಾಗಿ ಬಿಡಿಸಿ ಕೊಡುತ್ತದೆ. ಹಿನ್ನೆಲೆ ಬಿಳಿ ಮಾಡಿಕೊಳ್ಳಿ, ಇಲ್ಲದಿದ್ದರೆ ಟೋನರ್ ಎಲ್ಲ ಹಿನ್ನೆಲೆಗೇ ಖರ್ಚು. ಪಾರದರ್ಶಕ ಹಿನ್ನೆಲೆ ಚೆಂದ ಅಂತ ಹಾಕಿದರೆ, ಡಾರ್ಕ್ ಮೋಡ್ ಇಟ್ಟುಕೊಂಡವರ ಮೊಬೈಲಿನಲ್ಲಿ ಕಪ್ಪು ಅಕ್ಷರ ಕಪ್ಪಿನ ಮೇಲೆ ಕೂರುತ್ತದೆ. ವರ್ಡ್ ಸೇವ್ ಮಾಡುವಾಗ ಚಿತ್ರಗಳನ್ನು ತಾನೇ ಕುಗ್ಗಿಸುತ್ತದೆ, ಆಪ್ಷನ್ಸ್‌ನಲ್ಲಿ ಅದನ್ನು ನಿಲ್ಲಿಸಿ.

ಚಿತ್ರದ ಜೊತೆ ಅದನ್ನು ಮಾಡಿದ ಸ್ಕ್ರಿಪ್ಟ್ ಮತ್ತು ಅಂಕಿಗಳ ಫೈಲ್ ಇಟ್ಟುಕೊಳ್ಳಿ. ಪ್ಯಾರಾವ್ಯೂ ಆದರೆ ಸೇವ್ ಸ್ಟೇಟ್, ಮ್ಯಾಟ್‌ಲ್ಯಾಬ್ ಆದರೆ ಫಿಗ್ ಫೈಲ್. ಆರು ತಿಂಗಳಾದ ಮೇಲೆ ಗೈಡು “ಅಕ್ಷರ ಸ್ವಲ್ಪ ದಪ್ಪ ಮಾಡಪ್ಪಾ” ಅಂದಾಗ ಬರೀ ಪಿಎನ್‌ಜಿ ಇದ್ದರೆ ಇಡೀ ಸಿಮ್ಯುಲೇಶನ್ ಮತ್ತೆ ಓಡಿಸಬೇಕು. ನಾನು ಓಡಿಸಿದ್ದೇನೆ, ನಾಲ್ಕು ದಿನ.

ಇನ್ನು ಪ್ರಶ್ನೆಗಳಿದ್ದರೆ ಕೇಳಿ.

ಒಬ್ಬ ಹುಡುಗ ಕೇಳಿದ, “ಸರ್, ಎಲ್ಲದಕ್ಕೂ 1200 ಡಿಪಿಐ ಇಟ್ಟುಬಿಟ್ಟರೆ ತಲೆನೋವೇ ಇಲ್ಲ ಅಲ್ವಾ?” ತಲೆನೋವು ಬೇರೆ ಕಡೆ ಹೋಗುತ್ತದೆ ಕಣಪ್ಪಾ. ಪ್ರತಿ ಚಿತ್ರ ಹತ್ತಾರು ಎಂಬಿ, ಐವತ್ತು ಚಿತ್ರದ ರಿಪೋರ್ಟು ಮೇಲ್‌ನಲ್ಲಿ ಹೋಗುವುದಿಲ್ಲ, ವರ್ಡ್ ಪುಟ ತಿರುಗಿಸಲು ಏದುಸಿರು ಬಿಡುತ್ತದೆ. ಗೆರೆಯ ಗ್ರಾಫಿಗೆ ಪಿಡಿಎಫ್, ಬಣ್ಣದ ಚಿತ್ರಕ್ಕೆ 300, ಅಷ್ಟು ಸಾಕು.

ಕೊನೆಗೆ ನಮ್ಮ ಬೆಳೆಗಾರರು ಎದ್ದು ನಿಂತರು. “ಸಾರ್, ನನ್ನ ಮಗ ಬೆಂಗಳೂರಲ್ಲಿ ಇದಾನೆ. ನಮ್ಮ ತೋಟದ ಮಳೆ ಲೆಕ್ಕ ಎಲ್ಲ ಕಂಪ್ಯೂಟರಿಗೆ ಹಾಕಿ, ಹಿಂಗ್ ಗ್ರಾಫ್ ಮಾಡಿ ವಾಟ್ಸಾಪಲ್ಲಿ ಕಳಿಸ್ತಾನೆ. ಒಂದು ಅಂಕಿನೂ ಕಾಣಲ್ಲ. ಕನ್ನಡಕ ಬದಲಾಯಿಸ್ಬೇಕಾ ಅಂತ ಡಾಕ್ಟ್ರ ಹತ್ರನೂ ಹೋಗಿ ಬಂದೆ.”

ಕನ್ನಡಕ ಸರಿಯಾಗಿದೆ ಅಂದೆ. ವಾಟ್ಸಾಪು ಫೋಟೋ ಅಂತ ಕಳಿಸಿದ್ದನ್ನೆಲ್ಲ ಕುಗ್ಗಿಸಿ ಜೆಪೆಗ್ ಮಾಡಿ ಕಳಿಸುತ್ತದೆ. ಅವರ ಫೋನ್ ಇಸಿದುಕೊಂಡು ಆ ಚಿತ್ರ ಹಿಗ್ಗಿಸಿ ನೋಡಿದೆ. ‘ಜುಲೈ’ ಅನ್ನುವ ಅಕ್ಷರದ ಸುತ್ತ ನಾನು ಹೇಳಿದ ಅದೇ ಸೊಳ್ಳೆಗಳು. ಪಿನ್ ಚಿಹ್ನೆ ಒತ್ತಿ, ಗ್ಯಾಲರಿ ಬದಲು ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಲು ಮಗನಿಗೆ ಹೇಳಿ ಅಂದೆ. ಅವರು ಅಲ್ಲೇ ಮಗನಿಗೆ ಫೋನ್ ಹಚ್ಚಿದರು. ಐದು ನಿಮಿಷದಲ್ಲಿ ಪಿಡಿಎಫ್ ಬಂತು. ಹಿಗ್ಗಿಸಿದರು, ಇನ್ನೂ ಹಿಗ್ಗಿಸಿದರು, ಕನ್ನಡಕ ಹಣೆಗೇರಿಸಿ ಫೋನನ್ನು ಕಣ್ಣಿನ ಹತ್ತಿರ ತಂದರು.

“ಜುಲೈದು ತಪ್ಪು ಹಾಕಿದಾನೆ ಸಾರ್ ಇವನು” ಅಂದರು. “ನಮ್ಮಲ್ಲಿ ಅಷ್ಟು ಕಡಿಮೆ ಮಳೆ ಎಲ್ಲಾಗಿತ್ತು?”